ಮೂರು ಕೊಂಬಿನ ಪ್ರಾಣಿ ಮಣ್ಣಿನಿಂದ ಎದ್ದ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

1887ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಬಳಿ, ತಲೆಬುರುಡೆಯ ತುಣುಕೊಂದಕ್ಕೆ ಅಂಟಿಕೊಂಡೇ ಇದ್ದ ಎರಡು ದೊಡ್ಡ ಕೊಂಬುಗಳು ಕಲ್ಲಾದ ಸ್ಥಿತಿಯಲ್ಲಿ ದೊರೆತವು. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಓಥ್ನಿಯಲ್ ಚಾರ್ಲ್ಸ್ ಮಾರ್ಷ್ ಅವನ್ನು ಪರೀಕ್ಷಿಸಿ, ಅಳಿದುಹೋದ ದೈತ್ಯ ಬೈಸನ್ ಒಂದರ ಕೊಂಬುಗಳೆಂದು ತೀರ್ಮಾನಿಸಿದರು. ಬೈಸನ್ ಆಲ್ಟಿಕಾರ್ನಿಸ್ ಎಂಬ ಹೆಸರನ್ನೂ ಇಟ್ಟರು. ಈ ತಪ್ಪನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ದನ ಎಮ್ಮೆಗಳ ಕೊಂಬಿನ ಹೊರಕವಚ ಕಳಚಿದರೆ ಒಳಗೆ ತಲೆಬುರುಡೆಯಿಂದಲೇ ಬೆಳೆದು ಬಂದ ಎಲುಬು ಕಾಣುತ್ತದೆ. ಡೆನ್ವರಿನಲ್ಲಿ ಸಿಕ್ಕದ್ದೂ ನೋಟಕ್ಕೆ ಅಂಥದೇ ಎಲುಬು, ಮತ್ತು ಕಣ್ಣುಗಳ ಮೇಲೆ ಜೋಡಿ ಕೊಂಬು ಹೊತ್ತ ಡೈನೋಸಾರ್‌ನ ಪೂರ್ಣ ತಲೆಯೊಂದು ಹೋಲಿಸಿ ನೋಡಲು ಅವರ ಮುಂದೆ ಆಗಿನ್ನೂ ಇರಲಿಲ್ಲ.

ಆ ತಲೆಯನ್ನು ತಂದುಕೊಟ್ಟವರು ಮಾರ್ಷ್ ಅವರ ಬಳಿ ಪಳೆಯುಳಿಕೆ ಸಂಗ್ರಾಹಕರಾಗಿ ದುಡಿಯುತ್ತಿದ್ದ ಜಾನ್ ಬೆಲ್ ಹ್ಯಾಚರ್. 1888ರಲ್ಲಿ ವಯೋಮಿಂಗ್‌ನ ದನಗಾಹಿಗಳ ಸೀಮೆಗೆ ಹೋದಾಗ ಅವರಿಗೆ ಒಂದು ಭಾರಿ ಕೊಂಬಿನ ತುಂಡು ಕಾಣಸಿಕ್ಕಿತು. ಕೊರಕಲಿನ ದಡದಲ್ಲಿ ಚಾಚಿಕೊಂಡಿದ್ದ ಬುರುಡೆಗೆ ದನಗಾಹಿಯೊಬ್ಬರು ಹಗ್ಗದ ಕುಣಿಕೆ ಎಸೆದು ಎಳೆದಾಗ ಮುರಿದು ಬಂದ ಕೊಂಬು ಅದು. ಮರುವರ್ಷ ಹ್ಯಾಚರ್ ಹಿಂದಿರುಗಿ ಬುರುಡೆಯನ್ನೇ ಹೊರತೆಗೆದರು. ಕಣ್ಣುಗಳ ಮೇಲೆ ಎರಡು ನೀಳ ಕೊಂಬು, ಮೂಗಿನ ಮೇಲೆ ಒಂದು ಗಿಡ್ಡ ಕೊಂಬು, ಗಿಳಿಯದನ್ನು ಹೋಲುವ ಕೊಕ್ಕು, ಕತ್ತಿನ ಹಿಂದೆ ಮೊರದಂತೆ ಅಗಲವಾಗಿ ಹರಡಿದ ಎಲುಬು: ಇದು ಯಾವ ದನದ ಜಾತಿಯೂ ಆಗಿರಲು ಸಾಧ್ಯವಿರಲಿಲ್ಲ. 1889ರಲ್ಲೇ ಮಾರ್ಷ್ ಇದನ್ನು ಟ್ರೈಸೆರಾಟಾಪ್ಸ್, ಅಂದರೆ ಮೂರು ಕೊಂಬಿನ ಮೊಗದ ಪ್ರಾಣಿ ಎಂದು ಕರೆದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಯುಗ ಮುಗಿದಾಗ ಇನ್ನೂ ಬದುಕಿದ್ದ ಸಸ್ಯಾಹಾರಿ ಇದು. ಡೆನ್ವರಿನ ಕೊಂಬುಗಳೂ ಇದೇ ಬಳಗಕ್ಕೆ ಸೇರಿದವೆಂಬುದನ್ನು ಮಾರ್ಷ್ ಬಳಿಕ ಒಪ್ಪಿಕೊಂಡರು.

ಹೆಸರಿಟ್ಟವರ ಕೀರ್ತಿ ಪುಸ್ತಕಗಳಲ್ಲಿ ಉಳಿಯುತ್ತದೆ. ನನಗಾದರೋ ಹ್ಯಾಚರ್ ಅವರ ದುಡಿಮೆಯೇ ಹೆಚ್ಚು ಬೆರಗು ಹುಟ್ಟಿಸುತ್ತದೆ. 1889ರಿಂದ 1892ರವರೆಗೆ ಅವರು ಆ ಬರಡು ನೆಲದಲ್ಲಿ ಕೊಂಬಿನ ಡೈನೋಸಾರ್‌ಗಳ 30ಕ್ಕೂ ಹೆಚ್ಚು ಬುರುಡೆಗಳನ್ನು, ಒಂದೊಂದನ್ನೂ ಸುತ್ತಲಿನ ಬಂಡೆಯ ಸಮೇತ ಬಿಡಿಸಿ, ಕುದುರೆಗಾಡಿಗಳಲ್ಲಿ ರೈಲು ನಿಲ್ದಾಣಕ್ಕೆ ಸಾಗಿಸಿದರು. ಅಲ್ಲಿನ ಇರುವೆಗಳು ತಮ್ಮ ಗೂಡಿನ ಮೇಲೆ ಹರಳುಗಳ ಜೊತೆ ಪ್ರಾಚೀನ ಸಸ್ತನಿಗಳ ಪುಟ್ಟ ಹಲ್ಲುಗಳನ್ನೂ ಒಟ್ಟುವುದನ್ನು ಗಮನಿಸಿ, ಆ ಗುಪ್ಪೆಗಳನ್ನು ಜರಡಿ ಹಿಡಿದು ಹಲ್ಲುಗಳನ್ನು ಆರಿಸಿದವರೂ ಅವರೇ.

ಈ ಪ್ರಾಣಿಗಳ ಕುರಿತು ಮಾರ್ಷ್ ಯೋಜಿಸಿದ್ದ ಬೃಹತ್ ಗ್ರಂಥ ಅವರು 1899ರಲ್ಲಿ ತೀರಿಕೊಂಡಾಗ ಅಪೂರ್ಣವಾಗಿತ್ತು. ಅದನ್ನು ಕೈಗೆತ್ತಿಕೊಂಡ ಹ್ಯಾಚರ್ 1904ರಲ್ಲಿ, 42ನೆಯ ವಯಸ್ಸಿನಲ್ಲಿ, ವಿಷಮಶೀತ ಜ್ವರದಿಂದ ನಿಧನರಾದರು. ಪಳೆಯುಳಿಕೆ ತಜ್ಞ ರಿಚರ್ಡ್ ಸ್ವಾನ್ ಲಲ್ ಅದನ್ನು ಪೂರ್ಣಗೊಳಿಸಿದರು, 1907ರಲ್ಲಿ ಅದು ಪ್ರಕಟವಾಯಿತು. ಅದಕ್ಕೂ ಮೊದಲೇ, 1905ರಲ್ಲಿ, ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಹ್ಯಾಚರ್ ಸಂಗ್ರಹಿಸಿದ್ದ ಹಲವು ಪ್ರಾಣಿಗಳ ಎಲುಬುಗಳನ್ನು ಕೂಡಿಸಿ ಮೊಟ್ಟಮೊದಲ ಟ್ರೈಸೆರಾಟಾಪ್ಸ್ ಅಸ್ಥಿಪಂಜರವನ್ನು ನಿಲ್ಲಿಸಲಾಯಿತು. ಇಂದು ಆ ಅಸ್ಥಿಪಂಜರದ ಹೆಸರೇ ಹ್ಯಾಚರ್.