ಹಗ್ಗಕ್ಕೆ ಕಟ್ಟಿದ ಮೀನು, ಕೆಳಗೆ ಸುತ್ತುವ ಶಾರ್ಕ್

ನಮಸ್ಕಾರ. ಈ ಸಲದ ಮಾತು ಘಾಟಿ ಇಳಿದು ಸಮುದ್ರಕ್ಕೆ ಕಯಾಕ್, ಅಂದರೆ ಹುಟ್ಟು ಹಾಕುವ ಕಿರುದೋಣಿ, ಹಾಕುವ ಕೊಡಗಿನ ಗಾಳದವರಿಗೆ. ಸಂಪಾಜೆ ಇಳಿದರೆ ಮಂಗಳೂರು, ಮಾಕುಟ್ಟ ಇಳಿದರೆ ಕಣ್ಣೂರು. ಕಾವೇರಿಯಲ್ಲಿ, ಹಾರಂಗಿ ಹಿನ್ನೀರಲ್ಲಿ ಪಳಗಿದ ಕೈ ಉಪ್ಪುನೀರಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, ದೊಡ್ಡ ಶಾರ್ಕ್ ಬಂದರೆ ಏನು ಮಾಡೋದು ಅಂತ. ಅದಕ್ಕೆ ಉತ್ತರ ಇದೆ, ಹೇಳ್ತೀನಿ. ಆದರೆ ಅದು ಯಾಕೆ ಬಂತು ಅಂತ ಮೊದಲು ಕೇಳಿ. ಕಯಾಕ್ ಪಕ್ಕಕ್ಕೆ ಶಾರ್ಕನ್ನ ಕರೆಸಿಕೊಳ್ಳೋದು ಬಹಳ ಸಲ ನಾವೇ, ಹೊಳೆಯಲ್ಲಿ ಕಲಿತ ಅಭ್ಯಾಸಗಳಿಂದ. ಇದು ನನ್ನ ಗಟ್ಟಿ ಅಭಿಪ್ರಾಯ.

ಹೊಳೆಯಲ್ಲಿ ಏನು ಮಾಡ್ತೀವಿ? ಹಿಡಿದ ಮೀನಿನ ಕಿವಿರಿಗೆ ನೈಲಾನ್ ಹಗ್ಗ ಪೋಣಿಸಿ ನೀರಿಗೇ ಬಿಡ್ತೀವಿ. ಮೀನು ತಾಜಾ ಇರುತ್ತೆ, ಐಸ್ ಖರ್ಚಿಲ್ಲ. ಇದನ್ನೇ ಸಮುದ್ರದಲ್ಲಿ ಮಾಡಿದರೆ ನೀರಿಗೆ ಮೂರು ಸುದ್ದಿ ಹೋಗುತ್ತೆ. ಒದ್ದಾಡುವ ಮೀನಿನ ಮಿಡಿತ ಮೊದಲನೆಯದು. ಶಾರ್ಕಿನ ಮೈಯ ಎರಡೂ ಬದಿಗೆ ಉದ್ದಕ್ಕೂ ಇರುವ ಸಂವೇದನೆಯ ಗೆರೆ ಮತ್ತು ಅದರ ಒಳಕಿವಿ ಇಂಥ ತಗ್ಗು ಕಂಪನವನ್ನ ದೂರದಿಂದಲೇ ಹಿಡಿಯುತ್ತೆ. ಎರಡನೆಯದು ರಕ್ತ ಮತ್ತು ಲೋಳೆ, ಸೆಳೆತದ ಜೊತೆ ಒಂದು ದಾರಿಯ ಹಾಗೆ ಹರಿದುಹೋಗುತ್ತೆ. ಮೂರನೆಯದು ಮೀನಿನ ಸ್ನಾಯುಗಳಿಂದ ಹೊರಡುವ ಸಣ್ಣ ವಿದ್ಯುತ್ತು. ಶಾರ್ಕಿನ ಮೂತಿಯ ಮೇಲೆ ಕಪ್ಪು ಚುಕ್ಕಿಗಳ ಹಾಗೆ ಕಾಣುವ ರಂಧ್ರಗಳಿವೆ, ಅವು ಅದನ್ನ ಓದ್ತವೆ, ಆದರೆ ಕೈಯಳತೆಯ ಒಳಗೆ ಮಾತ್ರ. ಅಂದರೆ ಶಾರ್ಕ್ ದೂರದಿಂದ ಕೇಳಿ, ಮಧ್ಯದಲ್ಲಿ ಮೂಸಿ, ಕೊನೆಯ ಮೊಳ ದೂರದಲ್ಲಿ ವಿದ್ಯುತ್ತನ್ನ ನಂಬಿ ಬಾಯಿ ಹಾಕುತ್ತೆ. ಆ ಕೊನೆಯ ಮೊಳದಲ್ಲಿ ನಿಮ್ಮ ಮೊಣಕಾಲು, ಇಳಿಬಿಟ್ಟ ಪಾದ, ಪ್ಯಾಡಲ್ ಹಿಡಿದ ಕೈ ಇದ್ದರೆ?

ಅದಕ್ಕೇ ಸಮುದ್ರದಲ್ಲಿ ಹಗ್ಗ ಬೇಡವೇ ಬೇಡ. ಹಿಂಬದಿಯ ತೊಟ್ಟಿಯಲ್ಲಿ ಕೂರುವಂಥ, ಮೂರೂವರೆ ನಾಲ್ಕು ಅಡಿ ಉದ್ದದ ಉಷ್ಣನಿರೋಧಕ ಮೀನಿನ ಚೀಲ ತಗೊಳ್ಳಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಲೆಕ್ಕ. ಮಂಗಳೂರಿನ ದಕ್ಕೆಯಲ್ಲಿ ಐಸ್ ಸಿಗುತ್ತೆ, ಇಲ್ಲದಿದ್ದರೆ ಒಂದು ಲೀಟರ್ ಬಾಟಲಿ ಐದಾರನ್ನ ಮನೆಯಲ್ಲೇ ಹೆಪ್ಪುಗಟ್ಟಿಸಿ ತನ್ನಿ, ಕರಗಿದ ಮೇಲೆ ಕುಡಿಯೋಕೂ ಆಗುತ್ತೆ. ಮೀನು ಮೇಲೆ ಬಂದ ತಕ್ಷಣ ಕಣ್ಣಿನ ಹಿಂದೆ ಸ್ವಲ್ಪ ಮೇಲಕ್ಕೆ, ಮಿದುಳಿಗೆ ಚೂಪು ಸಲಾಕೆ ಚುಚ್ಚಿ. ಒದ್ದಾಟ ಅಲ್ಲಿಗೆ ಮುಗೀತು, ಮೀನಿಗೂ ಹಿಂಸೆ ಕಡಿಮೆ. ಆಮೇಲೆ ಕಿವಿರು ಕತ್ತರಿಸಿ ತಲೆ ಕೆಳಗೆ ಮಾಡಿ ಚೀಲದ ಒಳಗೇ ಇಡಿ. ಚೀಲದಲ್ಲಿ ನಾಲ್ಕು ಬೆರಳು ಸಮುದ್ರದ ನೀರಿದ್ದರೆ ರಕ್ತ ಅಲ್ಲೇ ಇಳಿಯುತ್ತೆ. ಕಯಾಕ್ ಮೇಲೆ ಬಿದ್ದ ರಕ್ತವನ್ನ ನೀರು ಎರಚಿ ತೊಳೀಬೇಡಿ, ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ. ಹೊಟ್ಟೆ ಸೀಳೋದು, ಹುರುಪೆ ತೆಗೆಯೋದು ಎಲ್ಲ ದಡ ಸೇರಿದ ಮೇಲೆ.

ಇನ್ನೊಂದು ಅಭ್ಯಾಸದ ಬಗ್ಗೆ ಮಾತಾಡಿದರೆ ನಮ್ಮವರಿಗೆ ಸ್ವಲ್ಪ ನೋವಾಗಬಹುದು. ಮಹಶೀರ್ ಜೊತೆ ತೆಳು ದಾರದಲ್ಲಿ ಅರ್ಧ ಗಂಟೆ ಸೆಣಸೋದು ಹೊಳೆಯಲ್ಲಿ ದೊಡ್ಡ ಹೆಮ್ಮೆ. ಸಮುದ್ರದಲ್ಲಿ ಆ ಅರ್ಧ ಗಂಟೆ ಪೂರ್ತಿ ನೀವು ಊಟದ ಗಂಟೆ ಬಾರಿಸ್ತಾ ಇರ್ತೀರಿ. ಹತ್ತು ಕಿಲೋ ಅಂಜಲ್‌ಗೆ 15 ಪೌಂಡಿನ ದಾರ ಸಾಲದು. 30ರಿಂದ 40 ಪೌಂಡಿನ ಹೆಣೆದ ದಾರ ಹಾಕಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿತವನ್ನ, ದಾರದ ಬಲದ ಕಾಲು ಭಾಗಕ್ಕೆ ಕೂರಿಸಿ, ಅಂದರೆ 40 ಪೌಂಡಿಗೆ ಹತ್ತು ಪೌಂಡ್. ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ, ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನೋಡಿ. ಮೀನು ಎಳೆಯುವಾಗ ರಾಡನ್ನ ಕಯಾಕಿನ ಮೂತಿಯ ಕಡೆಗೇ ಹಿಡಿಯಿರಿ, ಕಯಾಕ್ ಅದರ ಹಿಂದೆ ಹೋಗಲಿ. ಅಡ್ಡಕ್ಕೆ ಹಿಡಿದರೆ ಅದೇ ಹತ್ತು ಪೌಂಡ್ ನಿಮ್ಮನ್ನ ಮಗುಚುತ್ತೆ.

ಈಗ ದಾರದ ತುದಿಯಲ್ಲಿ ಏನಾಗುತ್ತೆ ನೋಡಿ. ಅಂಜಲ್ ಮೊದಲ ಓಟ ಮುಗಿಸಿ ದಣಿದು ಬರ್ತಾ ಇದೆ. ಇದ್ದಕ್ಕಿದ್ದ ಹಾಗೆ ಹುಚ್ಚು ಹಿಡಿದವರಂತೆ ಮತ್ತೆ ಓಡುತ್ತೆ, ನೇರ ಮೇಲಕ್ಕೋ ಅಥವಾ ಕಯಾಕ್ ಕೆಳಗೋ. ರಾಡಿನ ತುದಿ ದಡದಡ ನಡುಗುತ್ತೆ. ಆಮೇಲೆ ಒಂದೇ ಒಂದು ಭಾರವಾದ ಜಗ್ಗು, ಮರುಕ್ಷಣ ದಾರ ಹಗುರ. ಸುತ್ತಿ ತೆಗೆದರೆ ಬರೀ ತಲೆ. ಕಡಿದ ಜಾಗ ಅರ್ಧಚಂದ್ರದ ಹಾಗೆ ಬಾಗಿ, ನಡುಮೂಳೆಯನ್ನೂ ಸೇರಿಸಿ ಒಂದೇ ಸಲಕ್ಕೆ ಹೋಗಿದ್ದರೆ ಅದು ಶಾರ್ಕ್. ಈ ತಲೆಯನ್ನ ಏನು ಮಾಡ್ತೀರಿ ಅನ್ನೋದರಲ್ಲೇ ಎಲ್ಲ ಇದೆ. ನೀರಿಗೆ ಎಸೆದು ಅಲ್ಲೇ ಇನ್ನೊಂದು ಬಂಗುಡೆ ಕಟ್ಟಿ ಇಳಿಸಿದರೆ ಶಾರ್ಕಿಗೆ ಆ ಜಾಗದಲ್ಲಿ ಊಟ ಇದೆ ಅಂತ ನೀವೇ ಹೇಳಿಕೊಟ್ಟ ಹಾಗೆ. ತಲೆ ಚೀಲಕ್ಕೆ ಹಾಕಿ, ಎಲ್ಲ ದಾರ ಸುತ್ತಿ, ಕನಿಷ್ಠ ಒಂದು ಕಿಲೋಮೀಟರ್ ಜಾಗ ಬದಲಿಸಿ. ಎರಡನೇ ಸಲವೂ ತಲೆಯೇ ಬಂದರೆ ಆ ದಿನದ ಮೀನುಗಾರಿಕೆ ಮುಗೀತು ಅಂತ ತಿಳ್ಕೊಳ್ಳಿ.

ಶಾರ್ಕೇ ಗಾಳಕ್ಕೆ ಸಿಕ್ಕಿದರೆ? ಫೋಟೋ ಆಸೆಗೆ ಅದನ್ನ ಕಯಾಕ್ ಪಕ್ಕ ತರಬೇಡಿ, ದಯವಿಟ್ಟು. ದಾರ ಕತ್ತರಿಸಿ. ಇಲ್ಲೊಂದು ತೊಡಕಿದೆ. ಅಂಜಲ್ ಹಲ್ಲಿಗೆ ಹೆದರಿ ನಾವು ಉಕ್ಕಿನ ತಂತಿ ಕಟ್ಟಿರ್ತೀವಿ, ಶಾರ್ಕ್ ಅದನ್ನ ಕಡಿದುಕೊಂಡು ಹೋಗೋಕೆ ಆಗಲ್ಲ. ಚಾಕುವಿಗೆ ತಂತಿ ಬಗ್ಗಲ್ಲ. ಆದ್ದರಿಂದ ತಂತಿ ಒಂದು ಗೇಣಿಗಿಂತ ಉದ್ದ ಬೇಡ, ಅದರ ಮೇಲಿನ ನೈಲಾನನ್ನ ಕತ್ತರಿಸೋಕೆ ಆಗಬೇಕು. ಗಾಳ ತುಕ್ಕು ಹಿಡಿಯುವ ಮಾಮೂಲಿ ಉಕ್ಕಿನದಿರಲಿ, ಸ್ಟೇನ್‌ಲೆಸ್ ಬೇಡ, ಪ್ರಾಣಿಯ ಬಾಯಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಚಾಕು, ತಂತಿ ಕಟರ್ ಎರಡೂ ಲೈಫ್ ಜಾಕೆಟ್ಟಿನ ಎದೆ ಮೇಲೆ ಇರಬೇಕು. ಪೆಟ್ಟಿಗೆಯೊಳಗಿನ ಚಾಕು ಆ ಗಳಿಗೆಗೆ ಇಲ್ಲದ ಹಾಗೇ. ಲಂಗರು ಹಾಕೋರು ಹಗ್ಗದ ತುದಿಗೆ ಒಂದು ತೇಲುಬುಂಡೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿರಿ. ಲಂಗರನ್ನ ಅಲ್ಲೇ ಬಿಟ್ಟು ಹೊರಡಬಹುದು.

ಇನ್ನು ಮೂಲ ಪ್ರಶ್ನೆಗೆ. ಪಕ್ಕದಲ್ಲಿ ದೊಡ್ಡ ನೆರಳು ಕಂಡಿತು. ಹನ್ನೆರಡು ಅಡಿ ಕಯಾಕ್ ಅಂದರೆ ಮೂರೂವರೆ ಮೀಟರ್ ಚಿಲ್ಲರೆ, ಬೆಳೆದ ಟೈಗರ್ ಶಾರ್ಕ್ ಅದಕ್ಕಿಂತ ಉದ್ದ ಇರಬಹುದು. ನಿಂತಿದ್ದರೆ ತಕ್ಷಣ ಕೂತ್ಕೊಳ್ಳಿ. ಕಾಲು, ಕೈ ಒಳಗೆ. ನೀರಲ್ಲಿರುವ ಗಾಳಗಳನ್ನ ಸುತ್ತಿ, ಸುತ್ತೋಕೆ ಪುರುಸೊತ್ತಿಲ್ಲದಿದ್ದರೆ ಕತ್ತರಿಸಿ. ಜೊತೆಗೆ ಇನ್ನೊಂದು ಕಯಾಕ್ ಇದ್ದರೆ ಎರಡನ್ನೂ ಪಕ್ಕಕ್ಕೆ ತಂದು ಒಬ್ಬರದನ್ನೊಬ್ಬರು ಹಿಡ್ಕೊಳ್ಳಿ, ಜೋಡಿ ಕಯಾಕ್ ಮಗುಚೋದು ಕಷ್ಟ. ಅದು ಎಲ್ಲಿದೆ ಅಂತ ನೋಡ್ತಾನೇ ಇರಿ, ಸುತ್ತು ಹಾಕಿದರೆ ಕಯಾಕಿನ ಮೂತಿಯನ್ನ ಅದರ ಕಡೆಗೆ ತಿರುಗಿಸ್ತಾ ಹೋಗಿ. ಆಮೇಲೆ ಸದ್ದಿಲ್ಲದ, ಒಂದೇ ಲಯದ ಹುಟ್ಟು ಹಾಕ್ತಾ ದಡದ ಕಡೆ. ನಿಮ್ಮ ವೇಗ ಗಂಟೆಗೆ ಐದಾರು ಕಿಲೋಮೀಟರ್, ಅದರ ಜೊತೆ ಓಟದಲ್ಲಿ ಗೆಲ್ಲೋಕಾಗಲ್ಲ, ಪಟಪಟ ಬಡಿದರೆ ಗಾಯಗೊಂಡ ಪ್ರಾಣಿಯ ಸದ್ದೇ ಹೊರಡುತ್ತೆ. ಹತ್ತಿರ ಬಂದು ಮೂತಿ ತಾಗಿಸಿದರೆ ಮಾತ್ರ ಪ್ಯಾಡಲ್ ಅಲಗಿನಿಂದ ಒತ್ತಿ ದೂರ ತಳ್ಳಿ. ಎತ್ತಿ ಹೊಡೆಯೋಕೆ ಹೋದರೆ ನಿಮ್ಮ ತೂಕವೇ ಒಂದು ಬದಿಗೆ ವಾಲುತ್ತೆ.

2023ರ ಮೇ ತಿಂಗಳಲ್ಲಿ ಹವಾಯಿಯ ಒವಾಹು ದ್ವೀಪದ ಹತ್ತಿರ ಟೈಗರ್ ಶಾರ್ಕ್ ಒಂದು ಮೀನು ಹಿಡಿಯುತ್ತಿದ್ದವರ ಕಯಾಕಿಗೆ ಬಾಯಿ ಹಾಕಿದ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಅದನ್ನ ನಿಧಾನಕ್ಕೆ ಮತ್ತೆ ನೋಡಿ. ಶಾರ್ಕ್ ಬಡಿದು, ಕಚ್ಚಿ, ಬಿಟ್ಟು ಹೋಗುತ್ತೆ. ಆ ವ್ಯಕ್ತಿ ನೀರಿಗೆ ಬೀಳಲಿಲ್ಲ, ಅದೇ ಅವರನ್ನ ಉಳಿಸಿದ್ದು. ಅಂಕಿಗಳೂ ಹೆದರಿಸುವಂಥವಲ್ಲ. ಫ್ಲಾರಿಡಾದ ವಸ್ತುಸಂಗ್ರಹಾಲಯ ಇಡುವ ಅಂತರರಾಷ್ಟ್ರೀಯ ದಾಖಲೆಯ ಪ್ರಕಾರ 2024ರಲ್ಲಿ ಇಡೀ ಪ್ರಪಂಚದಲ್ಲಿ ಕೆಣಕದೆ ಆದ ಶಾರ್ಕ್ ಕಡಿತ 47. ಗಾಳ ಬಿಡಿಸುವಾಗ ಆದ ಕಡಿತವನ್ನ ಆ ದಾಖಲೆ ಕೆಣಕಿ ಆದದ್ದು ಅಂತಲೇ ಬೇರೆ ಬರೆಯುತ್ತೆ. ಸರಿಯಾದ ಲೆಕ್ಕ ಅದು.

ಶಾರ್ಕನ್ನ ದೂರ ಇಡೋಕೆ ವಿದ್ಯುತ್ ಸಾಧನ, ಅಯಸ್ಕಾಂತದ ಪಟ್ಟಿ ತಗೊಳ್ಳೋದಾ ಅಂತ ಕೇಳೋರಿದ್ದಾರೆ. 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಐದು ಸಾಧನಗಳನ್ನ ಬಿಳಿ ಶಾರ್ಕ್ ಎದುರು ಪರೀಕ್ಷಿಸಿದರು. ವಿದ್ಯುತ್ ಕ್ಷೇತ್ರ ಹರಡುವ ಒಂದೇ ಒಂದು ಸಾಧನ ಗಮನಾರ್ಹ ಕೆಲಸ ಮಾಡಿತು, ಅದೂ ಶಾರ್ಕ್ ಆಮಿಷ ಕಚ್ಚಿಕೊಂಡು ಹೋಗೋದನ್ನ ಶೇಕಡಾ 96ರಿಂದ 40ಕ್ಕೆ ಇಳಿಸಿತು, ಅಷ್ಟೇ. ಆ ದುಡ್ಡಿಗೆ ಒಳ್ಳೆ ಮೀನಿನ ಚೀಲ, ಒಳ್ಳೆ ಲೈಫ್ ಜಾಕೆಟ್ ಬರುತ್ತೆ.

ನಮ್ಮ ಕರಾವಳಿಯಲ್ಲಿ ದಡದ ಹತ್ತಿರ ದೊಡ್ಡ ಶಾರ್ಕ್ ಕಾಣೋದು ಅಪರೂಪ. ಮಾರುಕಟ್ಟೆಗೆ ಬರುವ ತಾಟೆ, ಅಂದರೆ ಶಾರ್ಕ್, ಬಹುಪಾಲು ಸಣ್ಣವು. ಅಂಡಮಾನಿಗೆ, ಲಕ್ಷದ್ವೀಪಕ್ಕೆ ಹೋಗೋರಿಗೆ ಈ ಮಾತೆಲ್ಲ ಹೆಚ್ಚು ಬೇಕು. ಇಲ್ಲಿ ರೆಕ್ಕೆ ಕಂಡು ಕೂಗುವ ಮೊದಲು ಗಮನಿಸಿ: ಮೇಲೆದ್ದು ಬಾಗಿ ಮುಳುಗಿದರೆ, ಉಸಿರಿನ ಸದ್ದು ಕೇಳಿದರೆ ಅದು ಡಾಲ್ಫಿನ್. ಶಾರ್ಕಿನ ರೆಕ್ಕೆ ಒಂದೇ ಮಟ್ಟದಲ್ಲಿ ನೀರು ಸೀಳುತ್ತೆ, ಹಿಂದೆ ಬಾಲದ ತುದಿ ಎಡಬಲ ಆಡುತ್ತೆ. ಅಗಲ ತಲೆ, ಮೈತುಂಬ ಬಿಳಿ ಚುಕ್ಕಿ, ನಿಧಾನ ನಡೆ ಇದ್ದರೆ ಅದು ತಿಮಿಂಗಿಲ ಶಾರ್ಕ್, ತೇಲುವ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನನ್ನೂ ಸೋಸಿ ತಿನ್ನುವ ಸಾಧು ಪ್ರಾಣಿ. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹತ್ತಿರ ಹೋಗದೆ, ಮುಟ್ಟದೆ, ದಾರ ಸುತ್ತಿ ಅದು ದಾಟೋವರೆಗೆ ಸುಮ್ಮನೆ ಕೂತಿರಿ.

ಎಲ್ಲಿ ಕಯಾಕ್ ಹಾಕಬಾರದು ಅಂತ ಕೇಳಿದರೆ, ಕಲಕಿದ ನೀರಿನ ಅಳಿವೆ ಬಾಯಿ. ಬ್ರಹ್ಮಗಿರಿಯಲ್ಲಿ ಹುಟ್ಟುವ ನಮ್ಮ ಬರಪೊಳೆ ವಳಪಟ್ಟಣಂ ಹೊಳೆ ಸೇರಿ ಕಣ್ಣೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತೆ. ಕೊಡಗಿನಲ್ಲೇ ಹುಟ್ಟುವ ಪಯಸ್ವಿನಿ ಕಾಸರಗೋಡಿನ ಹತ್ತಿರ ಚಂದ್ರಗಿರಿಯಾಗಿ ಇಳಿಯುತ್ತೆ. ಮಳೆ ಬಿದ್ದಾಗ ನಮ್ಮ ತೋಟಗಳ ಕೆಂಪು ಮಣ್ಣು ಹೊತ್ತು ಹರಿಯುವ ಇಂಥ ಬಾಯಿಗಳೇ ಬುಲ್ ಶಾರ್ಕಿಗೆ ಹೇಳಿಮಾಡಿಸಿದ ಜಾಗ. ಉಪ್ಪು, ಸಿಹಿ ಎರಡೂ ನೀರು ತಾಳುವ ಪ್ರಾಣಿ ಅದು, ಕಣ್ಣು ಕಾಣದ ನೀರಲ್ಲಿ ಮಿಡಿತ ಕೇಳಿಯೇ ಬಾಯಿ ಹಾಕುತ್ತೆ. ಕತ್ತಲು ಬೆಳಕಿನ ಹೊತ್ತು, ಬಲೆ ಎತ್ತಿ ಕಸಮೀನು ಎಸೆಯುವ ಟ್ರಾಲರಿನ ಹಿಂದೆ, ಇವೂ ಬೇಡ. ನವೆಂಬರಿನಿಂದ ಫೆಬ್ರವರಿಯ ತಿಳಿನೀರಿನ ಬೆಳಗು, ಸೂರ್ಯ ಚೆನ್ನಾಗಿ ಏರಿದ ಮೇಲೆ ಇಳಿದು, ಕಡಲಗಾಳಿ ಜೋರಾಗುವ ಮೊದಲು ಹನ್ನೊಂದಕ್ಕೆಲ್ಲ ದಡ ಸೇರಿ.

ಜೊತೆಗೆ ಒಂದು ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸುವ ಬಿಗಿಪಟ್ಟಿ, ಇರಲಿ. ಕಡಿತ ಆದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ರಕ್ತ ನಿಲ್ಲೋವರೆಗೆ ಬಿಗಿದು ಹೊತ್ತು ಬರೆದಿಡಿ. ಆಸ್ಪತ್ರೆ ತನಕ ಸಡಿಲಿಸಬೇಡಿ. ಸಮುದ್ರದಿಂದ ಕರಾವಳಿ ಕಾವಲು ಪಡೆಗೆ 1554, ದಡದಿಂದ ಆಂಬುಲೆನ್ಸಿಗೆ 108.

ಕೊನೆಗೆ, ಮಗುಚಿದ ಕಯಾಕ್ ಮರಳಿ ಹತ್ತೋದನ್ನ ಸಮುದ್ರದಲ್ಲಿ ಕಲಿಯೋಕೆ ಹೋಗಬೇಡಿ. ಕಾಫಿಗೆ ಹೂನೀರು ಕೊಡೋಕೆ ಮೊದಲು, ನವೆಂಬರ್ ಡಿಸೆಂಬರಿನಲ್ಲಿ, ನಮ್ಮ ತೋಟದ ಕೆರೆಗಳು ತುಂಬಿರುತ್ತವೆ. ಅಲ್ಲಿ ಬೇಕಂತಲೇ ಮಗುಚಿ. ಕೆಳಗಿನಿಂದ ಕೈ ಚಾಚಿ ಆಚೆ ಅಂಚು ಹಿಡಿದು ನೆಟ್ಟಗೆ ಮಾಡಿ, ಪಕ್ಕಕ್ಕೆ ಬಂದು ಕಾಲು ಬಡಿದು ಮೈಯನ್ನ ನೀರಿನ ಮಟ್ಟಕ್ಕೆ ತನ್ನಿ, ಹೊಟ್ಟೆ ಕಯಾಕ್ ಮೇಲೆ ಅಡ್ಡ ಎಳೆದುಕೊಳ್ಳಿ, ಸೊಂಟ ತಿರುಗಿಸಿ ಕೂತು, ಆಮೇಲೆ ಕಾಲು ಒಳಗೆ. ಒಂದು ನಿಮಿಷದೊಳಗೆ, ಸತತ ಹತ್ತು ಸಲ ಆಗಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೆರೆಯಾದರೆ ಬದಿ ಜಾರುತ್ತೆ, ಒಬ್ಬರೇ ಇಳಿದರೆ ಮೇಲೆ ಬರೋಕಾಗಲ್ಲ. ಮರಕ್ಕೆ ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಟ್ಟು, ದಡದಲ್ಲಿ ಒಬ್ಬರನ್ನ ನಿಲ್ಲಿಸಿ, ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ.