ಟೋಪಿ, ಜರ್ಸಿ ಮತ್ತು ಗುಲಾಬಿಯ ಟಿವಿ

ಕೇಳುಗರಿಗೆ ನಮಸ್ಕಾರ.

ಸಿನಿಮಾದಲ್ಲಿ ಮುಸ್ಲಿಂ ಪಾತ್ರ ಬಂದರೆ ಮುಂದೇನು ಅಂತ ನಮಗೆಲ್ಲ ಮೊದಲೇ ಗೊತ್ತಿರುತ್ತದೆ, ಅಲ್ವಾ? ಒಂದೋ ಕೈಯಲ್ಲಿ ಬಂದೂಕು, ಇಲ್ಲಾಂದ್ರೆ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯ. ಸುಮ್ನೆ ತನ್ನ ಪಾಡಿಗೆ ಬದುಕುವ ಮನುಷ್ಯ ತೆರೆ ಮೇಲೆ ಸಿಗುವುದು ಅಪರೂಪ.

ರಂಜಾನಿನ ಕೊನೆಯ ದಿನಗಳಲ್ಲಿ ಭಟ್ಕಳ ಪೇಟೆಗೆ ಬನ್ನಿ. ರಸ್ತೆ ತುಂಬ ಅಂಗಡಿ, ಬಳೆ, ಚಪ್ಪಲಿ, ಬಟ್ಟೆ. ಹಿಂದೂಗಳೂ ಬರುತ್ತಾರೆ, ಚೌಕಾಸಿ ಮಾತ್ರ ಎಲ್ಲರದ್ದೂ ಜೋರು. ಆ ಗದ್ದಲದಲ್ಲಿ ತಲೆಗೆ ಟೋಪಿ, ಬೆನ್ನಲ್ಲಿ 11 ಅಂತ ಬರೆದ ಕೆಂಪು ಜರ್ಸಿ ಹಾಕಿದ ಹುಡುಗ ಕಂಡರೆ ಆಶ್ಚರ್ಯವಿಲ್ಲ. ಅದು ಈಜಿಪ್ಟಿನ ಮೊಹಮ್ಮದ್ ಸಲಾಹ್ ಅವರ ನಂಬರ್. 2017ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡ ಸೇರಿದ ಸಲಾಹ್, ಗೋಲು ಹೊಡೆದರೆ ಮೈದಾನದಲ್ಲೇ ಹಣೆ ನೆಲಕ್ಕೆ ಮುಟ್ಟಿಸಿ ಸಜ್ದಾ ಮಾಡುವವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ ನೋಡಿದರು: ಅವರು ಬಾರದಿದ್ದರೆ ಆ ಭಾಗದಲ್ಲಿ ಎಷ್ಟು ದ್ವೇಷದ ಅಪರಾಧಗಳು ಆಗಬಹುದಿತ್ತೋ, ಅದಕ್ಕಿಂತ ಶೇ. 16ರಷ್ಟು ಕಡಿಮೆ ಆಗಿದ್ದವು. ಆ ತಂಡದ ಅಭಿಮಾನಿಗಳು ಮುಸ್ಲಿಮರ ಬಗ್ಗೆ ಕೆಟ್ಟದಾಗಿ ಮಾಡುವ ಟ್ವೀಟುಗಳೂ ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ಇದಕ್ಕಾಗಿ ಯಾರೂ ಉಪದೇಶ ಮಾಡಲಿಲ್ಲ. ಗೋಲು ಬೀಳುತ್ತಿತ್ತು, ಜನ ಕುಣಿಯುತ್ತಿದ್ದರು.

ಖುಷಿಯ ಸಂಗತಿಯೇ. ಆದರೆ ಮರ್ಯಾದೆ ಸಿಗಬೇಕಾದರೆ ಗೋಲೇ ಹೊಡೆಯಬೇಕಾ?

ಅದಕ್ಕೇ ನನಗೆ ಕಮಲಾ ಖಾನ್ ಜಾಸ್ತಿ ಇಷ್ಟ. ಅಮೆರಿಕದ ಮಾರ್ವೆಲ್ ಕಾಮಿಕ್ಸಿನ ಹುಡುಗಿ, ಪಾಕಿಸ್ತಾನಿ ಮೂಲದವಳು. 2014ರಲ್ಲಿ ಅವಳದ್ದೇ ಕಾಮಿಕ್ಸ್ ಶುರುವಾಯಿತು, 2022ರಲ್ಲಿ ತೆರೆಗೂ ಬಂದಳು. ಶಕ್ತಿ ಸಿಗುವ ಮೊದಲು ಅವಳು ಬರೀ ಅಭಿಮಾನಿ. ಸೂಪರ್‌ಹೀರೋಗಳ ಬಗ್ಗೆ ತಾನೇ ಕತೆ ಕಟ್ಟುತ್ತಾಳೆ, ಪಾರ್ಟಿಗೆ ಅಪ್ಪ ಬೇಡ ಅಂದರೆ ಕದ್ದು ಹೋಗುತ್ತಾಳೆ.

ನಮ್ಮ ಕರಾವಳಿಯ ಕತೆಯಲ್ಲೂ ಅಂಥ ಅಭಿಮಾನಿಯೊಬ್ಬಳಿದ್ದಾಳೆ. ಗಿರೀಶ್ ಕಾಸರವಳ್ಳಿ ಅವರ 2008ರ ‘ಗುಲಾಬಿ ಟಾಕೀಸ್’ ಸಿನಿಮಾದ ಗುಲಾಬಿ. ಮೀನುಗಾರರ ಊರಿನ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಅದು. ಗುಲಾಬಿಯ ಮನೆಗೆ ಬಣ್ಣದ ಟಿವಿ ಬಂದದ್ದೇ ತಡ, ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಊರಲ್ಲಿ ಅವಳು ಬೇರೆಯವಳಾಗುತ್ತಾಳೆ. ಅವಳೇನೂ ಮಾಡಿರಲಿಲ್ಲ, ಟಿವಿ ನೋಡಿದ್ದಳು ಅಷ್ಟೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಧಾರಾವಾಹಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಭಟ್ಕಳದ ಒಬ್ಬ ಹುಡುಗಿಯನ್ನು ನಾಯಕಿ ಮಾಡಿ. ಅಮ್ಮನ ಹತ್ತಿರ ನವಾಯತಿಯಲ್ಲಿ, ಗೆಳತಿಯ ಹತ್ತಿರ ಕನ್ನಡದಲ್ಲಿ ಜಗಳವಾಡಲಿ. ಪಿಯುಸಿ ರಿಸಲ್ಟಿಗೆ ಹೆದರಲಿ. ಯಾರನ್ನೂ ಕಾಪಾಡುವುದು ಬೇಡ, ಯಾರಿಗೂ ಏನನ್ನೂ ರುಜುವಾತು ಮಾಡುವುದು ಬೇಡ.