ಪೆಟ್ರೋಲ್ ಹೋಗುವುದು ಬ್ರೇಕ್‌ನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರ ಮನೆ ಮುಂದೆ 150, 200 ಕುದುರೆ ಶಕ್ತಿಯ ಪೆಟ್ರೋಲ್ ಗಾಡಿ ನಿಂತಿದೆ. ಎರಡು ಲೀಟರ್ ಟರ್ಬೊ ಎಂಜಿನ್ನಿನ ಎಸ್‌ಯುವಿ ಇರಬಹುದು, ಒಳ್ಳೆ ಪಿಕಪ್ ಇರುವ ಸೆಡಾನ್ ಇರಬಹುದು. ಇಷ್ಟಪಟ್ಟು ತಗೊಂಡಿದ್ದೀರಿ. ಆದರೆ ಬಂಕಿಗೆ ಹೋದಾಗಲೆಲ್ಲ ಹೊಟ್ಟೆ ಉರಿಯುತ್ತದೆ. "ಲೀಟರಿಗೆ ಎಂಟೇ ಕೊಡ್ತಿದೆ ಸಾರ್, ಏನಾದ್ರೂ ಮಾಡಿ" ಅಂತ ಕೇಳುವವರು ನನಗೆ ದಿನಾ ಸಿಗುತ್ತಾರೆ. ಅವರೆಲ್ಲರಿಗೂ ಹೇಳುವ ಮಾತನ್ನೇ ಇವತ್ತು ನಿಮಗೂ ಹೇಳುತ್ತೇನೆ. ನಿಮ್ಮ ಪೆಟ್ರೋಲ್ ಹೋಗುತ್ತಿರುವುದು ಬ್ರೇಕ್‌ನಲ್ಲಿ.

ಹೌದು, ಬ್ರೇಕ್‌ನಲ್ಲೇ. ಲೆಕ್ಕ ನೋಡಿ. 1600 ಕಿಲೋ ತೂಕದ ಗಾಡಿಯನ್ನು ನಿಂತಲ್ಲಿಂದ 80ರ ವೇಗಕ್ಕೆ ತರಲು ಸುಮಾರು 40 ಮಿಲಿಲೀಟರ್ ಪೆಟ್ರೋಲ್ ಬೇಕು. ಹೆಚ್ಚು ಕಡಿಮೆ ಒಂದು ಬೈಟು ಕಾಫಿಯಷ್ಟು. ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದಿರಿ ಅನ್ನಿ, ಅದರಿಂದ ಬಂದ ವೇಗವಷ್ಟೂ ಬ್ರೇಕ್ ಡಿಸ್ಕ್‌ನಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು. ಮತ್ತೆ ಹೊರಡಲು ಇನ್ನೊಂದು 40 ಮಿಲಿ ಸುರಿಯಬೇಕು. ಮುಂದೆ ಹಂಪ್ ಬಂತು, ಸಿಗ್ನಲ್ ಬಂತು, ದನ ಅಡ್ಡ ಬಂತು. ಪ್ರತಿ ಸಲವೂ ಇದೇ ಲೆಕ್ಕ.

ಪವರ್ ಇರುವ ಗಾಡಿಯಲ್ಲಿ ಈ ನಷ್ಟ ಇನ್ನೂ ಜಾಸ್ತಿ. ಯಾಕೆ? ಒಂದು ಹಂಪ್ ದಾಟಿ ಇನ್ನೊಂದು ಬರುವಷ್ಟರಲ್ಲಿ ಸಣ್ಣ ಕಾರು 50 ಮುಟ್ಟಿರುತ್ತದೆ. ನಿಮ್ಮದು 80 ಮುಟ್ಟಿರುತ್ತದೆ. ಆಮೇಲೆ ಇಬ್ಬರೂ ಅದೇ ಹಂಪ್ ಮುಂದೆ ಬ್ರೇಕ್ ಒತ್ತಲೇಬೇಕು. ಅವರು ಚೆಲ್ಲಿದ್ದಕ್ಕಿಂತ ನೀವು ಎರಡೂವರೆ ಪಟ್ಟು ಚೆಲ್ಲಿದಿರಿ, ಗಾಡಿಯ ತೂಕ ಬೇರೆ. ಸಮತಟ್ಟು ರಸ್ತೆಯಲ್ಲಿ ಒಂದೇ ಸಮನೆ 80ರಲ್ಲಿ ಹೋಗಲು ಬೇಕಾಗುವುದು ಹತ್ತು ಹದಿನೈದು ಕುದುರೆ ಶಕ್ತಿ ಮಾತ್ರ. ಉಳಿದದ್ದು ನೀವು ಮತ್ತೆ ಮತ್ತೆ ವೇಗ ಏರಿಸುವಾಗ ಕೆಲಸಕ್ಕೆ ಬರುತ್ತದೆ, ಆಗಲೇ ಪೆಟ್ರೋಲ್ ಸುರಿಯುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಸಕಲೇಶಪುರದ ಕಡೆಯ ಕಾಫಿ ತೋಟದ ಗೌಡರೊಬ್ಬರು 200 ಕುದುರೆ ಶಕ್ತಿಯ ಆಟೊಮ್ಯಾಟಿಕ್ ಎಸ್‌ಯುವಿ ತಂದರು. ಕೈಯಲ್ಲೊಂದು ಚೀಟಿ. ರೀಮ್ಯಾಪ್ ಮಾಡಿಸಬೇಕು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸಬೇಕು, ಬೇರೆ ಏರ್ ಫಿಲ್ಟರ್ ಹಾಕಿಸಬೇಕು, ಸೈಲೆನ್ಸರ್ ಬದಲಿಸಬೇಕು. ಲಕ್ಷದ ಮೇಲೆ ಖರ್ಚಿನ ಮಾತು. "ಮೈಲೇಜ್ ಬರಬೇಕು ಮೇಷ್ಟ್ರೇ, ದುಡ್ಡು ಎಷ್ಟಾದ್ರೂ ಆಗ್ಲಿ" ಅಂದರು. "ಮೊದಲು ಒಂದು ಸಲ ಓಡಿಸಿ ತೋರಿಸಿ ಗೌಡ್ರೇ" ಅಂತ ಪಕ್ಕದಲ್ಲಿ ಕೂತೆ.

ಹಾಸನದಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಟೆವು. ಗೌಡರ ಓಡಿಸುವ ಕೈ ಚೆನ್ನಾಗಿದೆ, ಧೈರ್ಯವೂ ಇದೆ. ಆದರೆ ಮುಂದಿನ ಗಾಡಿಯ ಬೆನ್ನಿಗೇ ಅಂಟಿಕೊಂಡು ಹೋಗುತ್ತಿದ್ದರು. ಲಾರಿ ಸ್ವಲ್ಪ ನಿಧಾನವಾದರೆ ಇವರು ಜೋರಾಗಿ ಬ್ರೇಕ್. ಜಾಗ ಸಿಕ್ಕಿದರೆ ಆಕ್ಸಿಲರೇಟರ್ ನೆಲಕ್ಕೆ. ಅರ್ಧ ಕಿಲೋಮೀಟರ್ ಆದ ಮೇಲೆ ಇನ್ನೊಂದು ಲಾರಿ, ಮತ್ತೆ ಬ್ರೇಕ್. ಬಾಳ್ಳುಪೇಟೆ ದಾಟುವವರೆಗೂ ಅವರ ಬಲಗಾಲು ಒಂದು ಕಡೆ ನಿಲ್ಲಲಿಲ್ಲ. ಸಕಲೇಶಪುರದಲ್ಲಿ ಮೀಟರ್ ಲೀಟರಿಗೆ ಎಂಟೂವರೆ ಮೈಲೇಜ್ ತೋರಿಸುತ್ತಿತ್ತು.

ಅಲ್ಲಿ ಟೀ ಕುಡಿದು ಶಿರಾಡಿ ಘಾಟ್ ಇಳಿಯಲು ಶುರು ಮಾಡಿದೆವು. ಇಳಿಜಾರು ಬಂದ ತಕ್ಷಣ ಗೌಡರು ಗೇರನ್ನು ನ್ಯೂಟ್ರಲ್‌ಗೆ ತಳ್ಳಿದರು. "ಪೆಟ್ರೋಲ್ ಉಳಿಯುತ್ತೆ" ಅಂದರು. ಇದನ್ನು ಮಾಡುವವರು ಸಾವಿರಾರು ಜನ ಇದ್ದೀರಿ, ದಯವಿಟ್ಟು ಕೇಳಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರಿಹೋಗದೆ ತಿರುಗುತ್ತಿರಬೇಕಲ್ವಾ? ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಒಂದು ಹನಿಯೂ ಹೋಗುವುದಿಲ್ಲ. ನಾನು ಗೇರ್ ವಾಪಸ್ ಹಾಕಿಸಿ, ಕೈಯಲ್ಲಿ ಮೂರನೇ ಗೇರಿಗೆ ಇಳಿಸಲು ಹೇಳಿ, ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿಯನ್ನು ನೋಡಿ ಅಂದೆ. ಅದು ಸರ‍್ರನೆ ಮೇಲೇರಿ ಕೊನೆಯ ಗೆರೆಯಲ್ಲಿ ನಿಂತುಬಿಟ್ಟಿತು. "ಎಂಜಿನ್ ತಿರುಗ್ತಾನೇ ಇದೆ, ಪೆಟ್ರೋಲ್ ಇಲ್ದೆ ಹ್ಯಾಗೆ ಮೇಷ್ಟ್ರೇ?" ಅಂತ ಕೇಳಿದರು. "ಈಗ ಚಕ್ರಗಳೇ ಎಂಜಿನ್ನನ್ನು ತಿರುಗಿಸ್ತಿವೆ ಗೌಡ್ರೇ" ಅಂದೆ. ಘಾಟ್ ಕೆಳಗಿನ ಗುಂಡ್ಯದಲ್ಲಿ ಇಳಿದು ಮುಂದಿನ ಚಕ್ರದ ಹತ್ತಿರ ಮೂಗು ಹಿಡಿದು ನೋಡಿದರು. ಯಾವಾಗಲೂ ಬರುತ್ತಿದ್ದ ಬ್ರೇಕ್ ಸುಟ್ಟ ವಾಸನೆ ಅವತ್ತು ಬಂದಿರಲಿಲ್ಲ.

ಘಾಟ್ ಹತ್ತಿ ಸಕಲೇಶಪುರಕ್ಕೆ ಬಂದ ಮೇಲೆ ಮತ್ತೆ ಮೀಟರ್ ಸೊನ್ನೆ ಮಾಡಿದೆವು. ಈ ಸಲ ಅವರಿಗೆ ನಾನು ಹೇಳಿದ್ದು ಇಷ್ಟೇ. ಮುಂದಿನ ಗಾಡಿಯನ್ನು ನೋಡಬೇಡಿ, ಅದರಾಚೆಯ ಗಾಡಿ ನೋಡಿ. ಜಾಗ ಬಿಡಿ. ಹಂಪ್‌ನ ಬೋರ್ಡ್ ಕಂಡ ಕೂಡಲೇ ಕಾಲು ತೆಗೆಯಿರಿ, ಗಾಡಿ ತಾನಾಗೇ ನಿಧಾನವಾಗಲಿ. ಬ್ರೇಕ್ ಬೇಕಾದಾಗ ಒತ್ತಲೇಬೇಕು, ಆದರೆ ಬೇಕಾಗದ ಹಾಗೆ ಓಡಿಸಿ. ಹಾಸನ ತಲುಪಿದಾಗ ಮೀಟರ್ 12ರ ಮೇಲಿತ್ತು. ಎರಡೂ ಊರು ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿವೆ, ಹಾಗಾಗಿ ಇಳಿಜಾರಿನ ಲಾಭ ಅಂತ ಹೇಳುವಂತಿಲ್ಲ. ಅದೇ ರಸ್ತೆ, ಅದೇ ಗಾಡಿ, ಅದೇ ಗೌಡರು. ಐದಾರು ನಿಮಿಷ ಜಾಸ್ತಿ ಆಯಿತು, ಅಷ್ಟೇ. ಚೀಟಿಯನ್ನು ಅವರೇ ಮಡಿಚಿ ಜೇಬಿಗಿಟ್ಟುಕೊಂಡರು.

ಸ್ಟುಡಿಯೋದ ಗಡಿಯಾರ ಬೇಗ ಓಡುತ್ತಿದೆ. ಆ ಚೀಟಿಯಲ್ಲಿದ್ದ ವಿಷಯಕ್ಕೆ ಬರುತ್ತೇನೆ.

ರೀಮ್ಯಾಪ್ ಮಾಡಿಸಿದರೆ ಪವರ್ ಜಾಸ್ತಿಯಾಗುತ್ತದೆ, ನಿಜ. ಅದರಿಂದ ಮುಂದಿನ ಹಂಪ್‌ಗೆ ಇನ್ನೂ ಬೇಗ ಹೋಗಿ ಇನ್ನೂ ಜೋರಾಗಿ ಬ್ರೇಕ್ ಒತ್ತುತ್ತೀರಿ. ವಾರಂಟಿಯೂ ಹೋಗುತ್ತದೆ. ದುಬಾರಿ ಏರ್ ಫಿಲ್ಟರ್ ಬೇಡ, ಕಂಪನಿಯದನ್ನೇ ಸಮಯಕ್ಕೆ ಸರಿಯಾಗಿ ಬದಲಿಸಿ. ದೊಡ್ಡ ಸದ್ದಿನ ಸೈಲೆನ್ಸರ್‌ನಿಂದ ಬರುವುದು ಪೊಲೀಸರ ದಂಡದ ಚೀಟಿ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಇವುಗಳ ಹತ್ತಿರವೂ ಹೋಗಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂತೆ ಮೈಲೇಜ್ ಏರಿಸಿದ್ದು ಒಂದೂ ಸಿಗಲಿಲ್ಲ.

ಹಾಗಾದರೆ ಗಾಡಿಗೆ ಏನು ಮಾಡಿಸಬೇಕು? ತೆಗೆಸಬೇಕು! ಛಾವಣಿಯ ಮೇಲೆ ಖಾಲಿ ಕ್ಯಾರಿಯರ್ ಹೊತ್ತು ತಿರುಗುತ್ತಿದ್ದರೆ ಇವತ್ತೇ ಬಿಚ್ಚಿಡಿ. ಡಿಕ್ಕಿಯಲ್ಲಿರುವ ಹಳೇ ಸಾಮಾನು ಇಳಿಸಿ. ಚೆಂದಕ್ಕೆ ಅಂತ ಹಾಕಿಸಿದ ಅಗಲದ ಟೈರು, ಭಾರದ ರಿಮ್ಮು ತೆಗೆಸಿ ಕಂಪನಿ ಕೊಟ್ಟ ಅಳತೆಗೇ ವಾಪಸ್ ಬನ್ನಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ ನೋಡಿಸಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಹತ್ತಿರ ಸ್ಟಿಕ್ಕರ್ ಅಂಟಿಸಿರುತ್ತಾರೆ. ಎಂಜಿನ್ ಆಯಿಲ್ ಪುಸ್ತಕದಲ್ಲಿ ಬರೆದ ಗ್ರೇಡಿನದ್ದೇ ಇರಲಿ.

ಹೈವೇ ಬಗ್ಗೆ ಒಂದು ಮಾತು. ವೇಗ 80ರಿಂದ 120ಕ್ಕೆ ಹೋದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ ಇರುವುದೇ 100. ಅಲ್ಲಿ 90ರಲ್ಲಿ ಒಂದೇ ಸಮನೆ ಹೋಗಿ. 100ರಲ್ಲಿ ಹೋದವರಿಗಿಂತ ಎಂಟು ನಿಮಿಷ ತಡವಾಗಿ ಮುಟ್ಟುತ್ತೀರಿ. ಟೋಲ್ ದೂರದಲ್ಲಿ ಕಂಡ ಕೂಡಲೇ ಕಾಲು ತೆಗೆಯಿರಿ, ಯಾಕೆ ಅಂತ ಈಗ ನಿಮಗೇ ಗೊತ್ತು.

ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿಯೇ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದು ನಿಮ್ಮ ಕೈಯಲ್ಲಿಲ್ಲ. ಬ್ರೇಕ್ ನಿಮ್ಮ ಕಾಲಿನಡಿಯೇ ಇದೆ.

ಕೊನೆಯದಾಗಿ, ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನೇ ನಂಬಿ ಕೂರಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದಿಡಿ. ಅರ್ಧಕ್ಕಿಂತ ಹೆಚ್ಚು ಖರ್ಚಾದ ಮೇಲೆ ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೊದಲ ಟ್ಯಾಂಕ್ ನೀವು ಎಂದಿನಂತೆ ಓಡಿಸಿ, ಎರಡನೆಯದು ನಾನು ಹೇಳಿದ ಹಾಗೆ. ಎರಡೂ ಅಂಕಿ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ನಮಸ್ಕಾರ.